ಹಕ್ಕಿ ಬಲ ನೋಡಬೇಕು

ಬೆಳಗ್ಗೆ ಹತ್ತು ಗಂಟೆಗೆ ಮೇಲಧಿಕಾರಿಗಳಿಂದ ಬಂದ ಚೀಟಿಯಲ್ಲಿ ಇದ್ದದ್ದು ಒಂದೇ ಸಾಲು: 'ಗುರಾಣಿಯ ಹಕ್ಕಿ ಬಲ ನೋಡಬೇಕು.' ಓದಿದ ಕೂಡಲೇ ಕುಂಚಣ್ಣ ತಿರುಗಿ ನೋಡಿದ. ಮೇಜಿನ ಮೇಲಿದ್ದ ನಲವತ್ತು ಗುರಾಣಿಗಳ ಮೇಲೂ ಹಕ್ಕಿಗಳು ಎಡಕ್ಕೆ ಕತ್ತು ಚಾಚಿಕೊಂಡು ಕೂತಿದ್ದವು.

ಅವನ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತು. ವಸ್ತುಸಂಗ್ರಹಾಲಯದ ಮಾದರಿ ವಿಭಾಗದಲ್ಲಿ ಅವನು ಕುಂಚಣ್ಣ. ಹೆಬ್ಬೆರಳುದ್ದದ ಮರದ ಸೈನಿಕರ ಉಗುರಗಲದ ಗುರಾಣಿಗಳಿಗೆ ನೀಲಿ ಬಣ್ಣ ಬಳಿದು, ಅಂಚಿಗೆ ಮೂರೆಳೆಯ ಕುಂಚದಿಂದ ಬಂಗಾರದ ಗೆರೆ ಎಳೆದು, ನಡುವೆ ಹಿತ್ತಾಳೆ ತಗಡಿನ ಹಕ್ಕಿಯನ್ನು ಚಿಮಟದಲ್ಲಿ ಹಿಡಿದು ಅಂಟಿಸುವುದು ಅವನ ಕೆಲಸ. ಅದೂ ಇನ್ನೂ ಖಾಯಂ ಅಲ್ಲ. ಸಂಜೆ ನಾಲ್ಕಕ್ಕೆ ಮೇಲಧಿಕಾರಿಗಳು ಗುರಾಣಿ ನೋಡಿ, ಇವನನ್ನು ಇಟ್ಟುಕೊಳ್ಳುವುದೋ ಕಳಿಸುವುದೋ ಹೇಳುವವರಿದ್ದರು.

ಸೈನಿಕರಿಗೆ ಅಂಗಿ ಹೊಲಿಯುವ ದರ್ಜಿಯಕ್ಕ ಕರೆಯದೆಯೇ ಬಂದು ಚೀಟಿ ಓದಿದಳು. ಸಾಹೇಬರು ಬರವಣಿಗೆಯಲ್ಲಿ ಮಹಾ ಜಿಪುಣರು, 'ಬಲಕ್ಕೆ' ಎನ್ನುವ ಬದಲು 'ಬಲ' ಎಂದು ಬರೆದು ಒಂದಕ್ಷರ ಉಳಿಸಿದ್ದಾರೆ ಎಂಬುದು ಅವಳ ತೀರ್ಮಾನ.

"ತಿರುಗಿಸಿಬಿಡು ತಮ್ಮಾ. ಕೆಲಸ ಉಳೀಬೇಕು ಅಂದ್ರೆ ಈಗಲೇ ಶುರು ಮಾಡು," ಎಂದಳು.

ಆ ಅಂಟಿನ ಗುಣವೇ ಹಾಗೆ. ಒಂದು ದಿನ ಒಣಗಿತೋ, ಬ್ಲೇಡಿಗೂ ಸುಲಭಕ್ಕೆ ಜಗ್ಗದು. ಒಣಗದಿದ್ದರೆ ಸೀನಿದರೂ ಕಿತ್ತು ಬರುತ್ತದೆ. ನಿನ್ನೆಯೇ ಒಣಗಿ ಕಲ್ಲಾಗಿದ್ದ ಹಕ್ಕಿಗಳನ್ನು ಕುಂಚಣ್ಣ ಉಸಿರು ಬಿಗಿಹಿಡಿದು ಒಂದೊಂದಾಗಿ ಎಬ್ಬಿಸಿದ. ಮಗುಚಿದ ಹಕ್ಕಿಗೆ ಆ ಬದಿಯಲ್ಲಿ ಕಣ್ಣೂ ಇಲ್ಲ, ಕೊಕ್ಕೂ ಇಲ್ಲ. ಎಲ್ಲಕ್ಕೂ ಹೊಸದಾಗಿ ಬಿಡಿಸಬೇಕಾಯಿತು. ನಡುವೆ ಒಂದು ಹಕ್ಕಿ ಚಿಮಟದಿಂದ ಚಿಮ್ಮಿ ಮಾಯವಾಯಿತು. ಇಬ್ಬರೂ ನೆಲದ ಮೇಲೆ ಅಂಬೆಗಾಲಿಟ್ಟು ಅರ್ಧ ಗಂಟೆ ಹುಡುಕಿದ ಮೇಲೆ ಅದು ದರ್ಜಿಯಕ್ಕನ ಕನ್ನಡಕದ ಮೇಲೆಯೇ ಸಿಕ್ಕಿತು. ಅದು ಚಿಮ್ಮಿದಾಗಿನಿಂದ ಎಲ್ಲಿ ನೋಡಿದರೂ ಹಕ್ಕಿ ಕಾಣುತ್ತಿದೆ ಎಂದು ಅವಳು ಹೇಳುತ್ತಲೇ ಇದ್ದಳು, ಪಾಪ.

ಒಂದೂವರೆಗೆ ನಲವತ್ತೂ ಬಲಕ್ಕೆ ತಿರುಗಿದವು. ಕುಂಚಣ್ಣ ಊಟದ ಡಬ್ಬಿಗೆ ಕೈ ಹಾಕುವಷ್ಟರಲ್ಲಿ ಸೈನಿಕರನ್ನು ಕೆತ್ತುವ ಬಡಗಿ ಮಾವ ಒಳಗೆ ಬಂದರು. ಗುರಾಣಿ ನೋಡಿದರು, ಚೀಟಿ ನೋಡಿದರು, ತಲೆ ಅಲ್ಲಾಡಿಸಿದರು.

"ಬಲ ಅಂದ್ರೆ ಯಾರ ಬಲನಯ್ಯಾ? ನಿಂದಾ, ಸೈನಿಕಂದಾ?"

ಗುರಾಣಿ ಹಿಡಿಯುವವನು ಸೈನಿಕ, ಆದ್ದರಿಂದ ಬಲವೂ ಅವನದೇ ಎಂದು ಮಾವ ತಾವೇ ಎದುರು ನಿಂತು, ಒಂದು ತಟ್ಟೆಯನ್ನು ಗುರಾಣಿಯಂತೆ ಎತ್ತಿ ಹಿಡಿದು ತೋರಿಸಿದರು. ಅವರ ಬಲವೆಂದರೆ ಇವನ ಎಡ. ಅಂದರೆ ಬೆಳಗ್ಗೆ ಇದ್ದದ್ದೇ ಸರಿ! ದರ್ಜಿಯಕ್ಕ ತನಗೆ ಹೊಲಿಗೆ ರಾಶಿ ಬಿದ್ದಿದೆಯೆಂದು ಮೆಲ್ಲಗೆ ಜಾಗ ಖಾಲಿ ಮಾಡಿದಳು.

ಊಟಕ್ಕೆ ಕಲ್ಲು ಬಿತ್ತು. ಕುಂಚಣ್ಣ ಮತ್ತೆ ಬ್ಲೇಡು ಹಿಡಿದ. ಬೆವರು ಗುರಾಣಿಯ ಮೇಲೆ ತೊಟ್ಟಿಕ್ಕದಂತೆ ಹಣೆಗೆ ಬಟ್ಟೆ ಕಟ್ಟಿಕೊಂಡ. ನಾಲ್ಕಕ್ಕೆ ಎರಡು ನಿಮಿಷವಿರುವಾಗ ನಲವತ್ತನೆಯ ಹಕ್ಕಿ ಮೊದಲಿನಂತೆಯೇ ಎಡಕ್ಕೆ ಕತ್ತು ಚಾಚಿ ಕೂತಿತು.

ಮೇಲಧಿಕಾರಿಗಳು ಬಂದರು. ಬಂಗಾರದ ಗೆರೆ ಕಂಡು ಭೇಷ್ ಎಂದರು. ಬಾಗಿಲಲ್ಲಿ ಇಣುಕುತ್ತಿದ್ದ ದರ್ಜಿಯಕ್ಕ, ಮಾವ ಇಬ್ಬರ ಮುಖವೂ ಅರಳಿತು. ಆಮೇಲೆ ಮೇಲಧಿಕಾರಿಗಳು ಒಂದು ಗುರಾಣಿ ಎತ್ತಿ, ಬೋರಲು ಮಾಡಿ, ಬೆರಳಿನಿಂದ ಟಕ್ಕೆಂದು ತಟ್ಟಿದರು. ಹಕ್ಕಿ ಉದುರಿತು. ಇನ್ನೊಂದನ್ನು ತಟ್ಟಿದರು. ಅದೂ ಉದುರಿತು. ಮೂರನೆಯದು ತಟ್ಟುವ ಮೊದಲೇ ಬಿತ್ತು.

"ಈ ಮಾದರಿ ಲಾರಿಯಲ್ಲಿ ಊರೂರು ಸುತ್ತಬೇಕು ಕಣ್ರೀ. ಹಕ್ಕಿ ಬಲ ನೋಡಬೇಕು ಅಂತ ಬೆಳಗ್ಗೆನೇ ಬರೆದು ಕಳಿಸಿದ್ದೆನಲ್ಲ?"

"ಬಲಕ್ಕೇ ನೋಡ್ತಿವೆ ಸಾರ್. ಸೈನಿಕನ ಬಲಕ್ಕೆ," ಎಂದ ಕುಂಚಣ್ಣ ಕ್ಷೀಣವಾಗಿ.

ಮೇಲಧಿಕಾರಿಗಳು ಅವನ ಹಣೆಯ ಬಟ್ಟೆಯನ್ನೇ ದಿಟ್ಟಿಸಿದರು. "ಅದು ಎತ್ತ ನೋಡಿದರೆ ನನಗೇನ್ರೀ? ಗಟ್ಟಿಯಾಗಿ ಕೂತಿದೆಯಾ, ಅದರ ಬಲ ನೋಡಿ ಅಂದಿದ್ದು ನಾನು."

ಬೆಳಗ್ಗೆ ಕಲ್ಲಿನಂತೆ ಕೂತಿದ್ದ ಹಕ್ಕಿಗಳನ್ನು ನೆನೆಯುತ್ತ ಕುಂಚಣ್ಣ ಉದುರಿದವನ್ನು ಚಿಮಟದಲ್ಲಿ ಹೆಕ್ಕತೊಡಗಿದ. ಮೇಲಧಿಕಾರಿಗಳು ಅವನ ಕಡತದಲ್ಲಿ ಒಂದು ಸಾಲು ಗೀಚಿ, ಅದನ್ನು ಮೇಜಿನ ಮೇಲಿಟ್ಟು ಹೊರಟುಹೋದರು. ಸಲಹೆಗಾರರಿಬ್ಬರೂ ಒಳನುಗ್ಗಿ ಕಡತದ ಮೇಲೆ ಬಗ್ಗಿದರು. 'ಇನ್ನೂ ಆರು ತಿಂಗಳು ನೋಡಬೇಕು' ಎಂದಿತ್ತು.

ಬಡಗಿ ಮಾವ ಗಡ್ಡ ಕೆರೆದುಕೊಂಡರು.

"ಸರಿ ಕಣಯ್ಯಾ. ಎತ್ತ ಅಂತ ಬರೆದಿಲ್ವಲ್ಲ?"