ಕಾಲು ಮುಗಿಯಿತು

ಲಾಡ್ಜಿನ ಹಿತ್ತಲ ನಲ್ಲಿಯ ಕೆಳಗೆ ಕುಕ್ಕರಗಾಲಲ್ಲಿ ಕೂತು ಗುಮಾಸ್ತ ಕಾಲುಚೀಲ ಒಗೆಯುತ್ತಿದ್ದ. ಎಷ್ಟು ಹಿಂಡಿದರೂ ಮರಳು ಉದುರುತ್ತಲೇ ಇತ್ತು, ಸಮುದ್ರವನ್ನೇ ಅದರಲ್ಲಿ ಕಟ್ಟಿಕೊಂಡು ಬಂದವನ ಹಾಗೆ. ಎರಡನೆಯದಕ್ಕೆ ಸೋಪು ಹಚ್ಚುವಾಗ ತೀರ್ಮಾನಿಸಿಬಿಟ್ಟ. ನಡೆದದ್ದು ಸಾಕು, ಇನ್ನು ಮನೆ.

ನೀರು ಸರಬರಾಜು ಕಚೇರಿಯ ಬಿಲ್ ಕೌಂಟರಿನಲ್ಲಿ ಅವನ ಕೆಲಸ. ಕುರ್ಚಿ ಬಿಟ್ಟು ಏಳುವವನಲ್ಲವೆಂದು ಎಲ್ಲರೂ ಅವನಿಗೆ 'ಅಂಟು' ಎಂದು ಹೆಸರಿಟ್ಟಿದ್ದರು. ಆ ಹೆಸರು ಕಳಚಿಕೊಳ್ಳಲೆಂದೇ, ಕಡಲ ತೀರದುದ್ದಕ್ಕೂ ಒಬ್ಬನೇ ನಡೆಯುತ್ತೇನೆಂದು ಜಂಬ ಕೊಚ್ಚಿ ಹೊರಟಿದ್ದ. ಕಾಲೇನೋ ಗಟ್ಟಿಯಾಗಿಯೇ ಇತ್ತು. ಸೋತದ್ದು ಬಾಯಿ. ದಿನವಿಡೀ ತನ್ನೊಡನೆ ತಾನೇ ಮಾತಾಡಿ, ಹೇಳಿದ್ದನ್ನೇ ಹೇಳುವ ಆ ಮನುಷ್ಯನ ಸಹವಾಸ ಅವನಿಗೇ ಬೇಸರ ತರಿಸಿತ್ತು. ಆದರೆ ಬೇಜಾರಾಯಿತೆಂದು ಹಿಂದಿರುಗಿದರೆ ಕಚೇರಿಯವರು ನಿವೃತ್ತಿಯವರೆಗೂ ಆಡಿಕೊಂಡು ನಗುತ್ತಾರೆ. ಮರ್ಯಾದೆಯುಳ್ಳ ಒಂದು ನೆಪ ಬೇಕಿತ್ತು.

ಕಚೇರಿಯ ಸ್ಟೋರ್ ಕೀಪರನಿಗೆ ಫೋನ್ ಹಚ್ಚಿದ. ಆ ಪುಣ್ಯಾತ್ಮನಿಗೆ ಕಿವಿ ಅರ್ಧ, ಬಾಯಿ ಎರಡರಷ್ಟು.

"ನಂದು ಕಾಲು ಮುಗೀತು ಕಣೋ," ಎಂದು ಗುಮಾಸ್ತ ತಾನಿಳಿದ ಲಾಡ್ಜಿನ ಹೆಸರು ಹೇಳಿ ನರಳಿದ.

ಕಡಲ ಗಾಳಿ ನರಳಾಟವನ್ನು ತಾನಿಟ್ಟುಕೊಂಡು ಬರೀ ಮಾತನ್ನು ದಾಟಿಸಿತು.

"ಕಾಲು ಮುಗೀತಾ? ಭೇಷ್ ಕಣೋ. ಇನ್ನೇನು, ಮುಕ್ಕಾಲು ತಾನೆ," ಎಂದವನೇ ಅವನು ಫೋನಿಟ್ಟ. ಆಮೇಲೆ ಎಷ್ಟು ಸಲ ಮಾಡಿದರೂ ಸಿಗಲಿಲ್ಲ. ಮೇಜಿನಿಂದ ಮೇಜಿಗೆ ಸುದ್ದಿ ಹಂಚುತ್ತಿದ್ದನಲ್ಲ.

ಇತ್ತ ಲಾಡ್ಜಿನ ಯಜಮಾನಿ ಈ ಮಾತನ್ನು ಬೇರೆಯೇ ಕೇಳಿಸಿಕೊಂಡಿದ್ದಳು. ಎಣ್ಣೆ ಬಟ್ಟಲು ಹಿಡಿದು ಓಡಿಬಂದಳು. ಬಲಗಾಲೋ ಎಡಗಾಲೋ ಎಂದು ಕೇಳುವ ವ್ಯವಧಾನವಿಲ್ಲದೆ, ಕೈಗೆ ಸಿಕ್ಕಿದ ಕಾಲನ್ನು ತಿಕ್ಕಿ, ಹಳೇ ಬೆಡ್‌ಶೀಟು ಹರಿದು ತೊಡೆಯವರೆಗೆ ಸುತ್ತಿದಳು. ಪಕ್ಕದ ಮನೆಯವರೂ ಸೇರಿಕೊಂಡರು. ಒಬ್ಬರು ಅಲುಗಾಡಬೇಡ ಎಂದರು, ಇನ್ನೊಬ್ಬರು ಆಡಿಸುತ್ತಲೇ ಇರು ಎಂದರು. ಮೂರನೆಯವರು ತಮ್ಮ ಸೋದರಮಾವನಿಗೂ ಹೀಗೇ ಶುರುವಾಗಿತ್ತೆಂದು ಹೇಳಿ, ಮುಂದಿನದನ್ನು ಹೇಳದೆ ನಿಟ್ಟುಸಿರಿಟ್ಟರು. ಗುಮಾಸ್ತ ಕಟ್ಟಿಟ್ಟ ಹಾಸಿಗೆಯಂತೆ ಬೆಂಚಿನ ಮೇಲೆ ಬಿದ್ದುಕೊಂಡ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಕಚೇರಿಯ ಜೀಪು ಬಂದು ನಿಂತಿತು. ಎಂಜಿನಿಯರ್ ಸಾಹೇಬರು ಇಳಿದರು. ಹಿಂದೆಯೇ ಸ್ಟೋರ್ ಕೀಪರ್ ಒಂದು ಬ್ಯಾನರ್ ಬಿಚ್ಚಿ ಹಿಡಿದ: 'ಕಾಲು ಮುಗಿಸಿದ ನಮ್ಮ ಅಂಟುವಿಗೆ ಅಭಿನಂದನೆಗಳು.'

ಯಜಮಾನಿ ಅದನ್ನು ಅಕ್ಷರ ಅಕ್ಷರವಾಗಿ ಓದಿ, ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಕಾಲು ಕಳ್ಕೊಂಡೋನಿಗೆ ಅಭಿನಂದನೆ ಹೇಳೋಕೆ ಬಂದಿದೀರಾ? ನೀವೂ ಮನುಷ್ಯರೇನ್ರಪ್ಪಾ?"

ಕಾಲೆಂದರೆ ಕಾಲು ಭಾಗವೆಂದು ಸ್ಟೋರ್ ಕೀಪರ್, ಕಾಲೆಂದರೆ ಈ ಕಾಲೆಂದು ಯಜಮಾನಿ. ಜಗಳ ಬೀದಿಗೆ ಬಂತು. ಕೊನೆಗೆ ಆಕೆ, ನೀವೇ ನೋಡಿ ಎಂದು ಸುತ್ತಿದ್ದನ್ನೆಲ್ಲ ಸರಸರನೆ ಬಿಚ್ಚಿದಳು.

ಒಳಗೆ ಎಣ್ಣೆ ಕುಡಿದು ಮಿರಮಿರ ಮಿಂಚುವ, ಒಂದು ಗುಳ್ಳೆಯೂ ಇಲ್ಲದ ಕಾಲು.

ಗುಮಾಸ್ತ ತಲೆ ತಗ್ಗಿಸಿದ.

"ಕಾಲಿಗೆ ಏನೂ ಆಗಿಲ್ಲ ಸಾರ್. ಒಬ್ಬನೇ ನಡೆದು ಬೇಜಾರಾಯ್ತು. ಇಲ್ಲಿಗೇ ನಿಲ್ಲಿಸ್ತೀನಿ."

ಸ್ಟೋರ್ ಕೀಪರ್ ನಗಲು ಬಾಯಿ ತೆರೆದ. ಸಾಹೇಬರು ಕೈಯೆತ್ತಿ ತಡೆದರು. ಬಗ್ಗಿ, ಹಲಸಿನಹಣ್ಣು ನೋಡುವವರಂತೆ ಆ ಮೀನಖಂಡವನ್ನು ಒತ್ತಿ ನೋಡಿದರು. ಅವರ ಮುಖ ಅರಳಿತು.

"ಯಾರೂ ನಗಕೂಡ್ದು. ಇಷ್ಟು ದೂರ ನಡೆದೂ ಒಂದು ಗುಳ್ಳೆ ಇಲ್ಲ ನೋಡ್ರಿ," ಎಂದರು.

ಕಡಲ ತೀರದ ಹೊಸ ಪೈಪಿನ ಉದ್ದಕ್ಕೂ ನಡೆದು, ಎಲ್ಲಿ ಸೋರುತ್ತಿದೆ ಎಂದು ನೋಡುವ ಆಳೊಬ್ಬ ಬೇಕಿತ್ತಂತೆ. ಹೆಸರು ಕಳಿಸಿ ಎಂದು ಮೇಲಿನವರು ಎರಡು ವರ್ಷದಿಂದ ಕೇಳುತ್ತಿದ್ದರಂತೆ. ಒಪ್ಪುವ ಕಾಲು ಸಿಗದೆ, ಅವರಿಗೆ ಬರೆದ ಕಾಗದ ಹೆಸರಿನ ಜಾಗ ಖಾಲಿ ಬಿಟ್ಟುಕೊಂಡು ಬ್ಯಾಗಿನಲ್ಲೇ ಮಲಗಿತ್ತಂತೆ. ಹೇಳುತ್ತಲೇ ಸಾಹೇಬರು ಅದನ್ನು ತೆಗೆದು, ಜೀಪಿನ ಬಾನೆಟ್ಟಿನ ಮೇಲಿಟ್ಟು ಹೆಸರು ತುಂಬಿದರು.

"ಜೊತೆಗೆ ಯಾರಾದ್ರೂ ಇರ್ತಾರಾ ಸಾರ್?" ಗುಮಾಸ್ತ ಮೆಲ್ಲಗೆ ಕೇಳಿದ.

"ಯಾಕ್ರೀ? ಒಬ್ರೇ ನಡೆದು ಅಭ್ಯಾಸ ಆಗಿದ್ಯಲ್ಲ."

ಇನ್ನು ತಡಮಾಡಿದರೆ ಇವನು ಮತ್ತೇನನ್ನಾದರೂ ಮುಗಿಸಿಕೊಂಡಾನೆಂದು ಸ್ಟೋರ್ ಕೀಪರ್ ಆ ಕಾಗದವನ್ನು ಲಕೋಟೆಗೆ ತುರುಕಿ, ಎಂಜಲು ಹಚ್ಚಿ, ರಸ್ತೆ ದಾಟಿ ಓಡಿ, ಅದನ್ನು ಅಂಚೆ ಡಬ್ಬಿಯೊಳಗೆ ಹಾಕಿಯೇಬಿಟ್ಟ.