ಪುಟ್ಟಿಗೊಂದು ಮುರಿದ ಬಾಳು ಬೇಕಾಗಿತ್ತು

ನನ್ನ ಬಾಳಿನಲ್ಲಿ ಮುರಿದದ್ದು ಒಂದೂ ಇಲ್ಲವಲ್ಲ ದೇವರೇ, ಸಂಜೆ ಏನು ಹೇಳಲಿ ಎಂದು ಪುಟ್ಟಿ ಬೆಳಿಗ್ಗೆ ಡೈರಿಯಲ್ಲಿ ಬರೆದು, ಬರೆದದ್ದಕ್ಕೆ ತಾನೇ ನಾಚಿ, ಗೀಚಿ ಅಳಿಸಿದಳು.

ಅಂದು ಚರ್ಚಿನಲ್ಲಿ ಸಾಕ್ಷಿಕೂಟ. ಮುರಿದ ಬಾಳನ್ನು ದೇವರು ಹೇಗೆ ಕೂಡಿಸಿದ ಎಂದು ಎಲ್ಲರೆದುರು ನಿಂತು ಹೇಳಬೇಕು. ಈ ಸಲ ಪುಟ್ಟಿಯ ಹೆಸರನ್ನು ಬರೆದುಕೊಂಡವರು ಪಾಸ್ಟರ ಹೆಂಡತಿ. ಆಗುವುದಿಲ್ಲ ಎನ್ನಲು ಇವಳು ಬಾಯಿ ತೆರೆಯುವಷ್ಟರಲ್ಲಿ ಅವರು ಬೀದಿಯ ತಿರುವು ದಾಟಿದ್ದರು.

ಮಾತೆಂದರೆ ಪುಟ್ಟಿಗೆ ಜ್ವರ. ಎಂ.ಎ. ಮುಗಿಸಿಯೂ ಹಲ್ಲಿನ ಡಾಕ್ಟರ ಬಳಿ ಚೀಟಿ ಬರೆಯುವ ಕೆಲಸ ಹಿಡಿದಿದ್ದಳು. ಅಲ್ಲಿ ಬಾಯಿ ತೆರೆದವರು ಯಾರೂ ಮಾತಾಡುವುದಿಲ್ಲ.

"ಡಾಕ್ಟ್ರೇ, ಸಂಜೆ ಚರ್ಚಲ್ಲಿ ನಾನು ನನ್ನ ವಿಷಯ ಹೇಳ್ಬೇಕು. ಹೇಗೆ ಹೇಳೋದು ಅಂತಾನೇ ಗೊತ್ತಾಗ್ತಿಲ್ಲ," ಎಂದು ಅವಳು ಪಿಸುಗುಟ್ಟಿದಳು.

"ಹುಡುಕಿದ್ರೆ ಎಲ್ಲರ ಬಾಯಲ್ಲೂ ಒಂದು ಹುಳುಕು ಸಿಗುತ್ತೆ ಕಣಮ್ಮ. ಧೈರ್ಯವಾಗಿ ಹೇಳಿಬಿಡು."

ಕುರ್ಚಿಯಲ್ಲಿ ಮಲಗಿದ್ದವರು ಪಕ್ಕದ ಮನೆಯಾಕೆ. ಬಾಯಿಗೆ ಹತ್ತಿ ತುರುಕಿದ್ದರು, ಕಿವಿಗೆ ತುರುಕಿರಲಿಲ್ಲ. ಹನ್ನೊಂದಕ್ಕೆ ಅವರ ದವಡೆಯ ಜೋಮು ಇಳಿಯಿತು. ಹನ್ನೆರಡಕ್ಕೆ ಇಡೀ ಬೀದಿಗೆ ಗೊತ್ತಾಗಿತ್ತು: ಪುಟ್ಟಿಯ ಬಾಳಿನಲ್ಲಿ ಏನೋ ನಡೆದುಹೋಗಿದೆ, ಹೇಳಲಾರದಂಥದ್ದು.

ಮಧ್ಯಾಹ್ನ ಊಟಕ್ಕೆ ಬಂದರೆ ಅಮ್ಮ ತಟ್ಟೆಯನ್ನು ಕುಕ್ಕಿ ಇಟ್ಟರು.

"ಯಾರು ಅವನು?"

"ಯಾರೂ ಇಲ್ಲಮ್ಮ."

"ಆಗ್ಲೇ ಬಿಟ್ಟೂ ಹೋದ್ನಾ?"

ಪುಟ್ಟಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಅದನ್ನೂ ಅಮ್ಮ ಲೆಕ್ಕಕ್ಕೆ ಹಿಡಿದು ಕಣ್ಣೊರೆಸಿಕೊಂಡರು.

ಸಂಜೆ ಚರ್ಚು ಕಿಕ್ಕಿರಿದಿತ್ತು. ಮದುವೆಗೂ ತುಂಬದ ಬೆಂಚುಗಳಲ್ಲಿ ಜನ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತದ್ದು ನೋಡಿ ಪಾಸ್ಟರ ಮುಖ ಹೊಸ ಬಲ್ಬಿನಂತಾಗಿತ್ತು. ಕೊನೆಯ ಬೆಂಚಿನಲ್ಲಿ ದೊಡ್ಡಮ್ಮ, ಅಂದರೆ ಅಮ್ಮನ ಅಕ್ಕ. ಅಜ್ಜಿ ತೀರಿಕೊಂಡಾಗ ಅಜ್ಜಿಯ ಹೊಲಿಗೆ ಮಷಿನ್ನು ಅಮ್ಮನ ಪಾಲಾಗಿ, ಅದರ ಸ್ಟ್ಯಾಂಡು ದೊಡ್ಡಮ್ಮನ ಪಾಲಾಗಿತ್ತು. ಅಂದಿನಿಂದ ಒಂಬತ್ತು ವರ್ಷ ಇಬ್ಬರೂ ಒಂದು ಹೊಲಿಗೆಯನ್ನೂ ಹಾಕಿರಲಿಲ್ಲ, ಒಂದು ಮಾತೂ ಆಡಿರಲಿಲ್ಲ.

ಪುಟ್ಟಿ ಮೈಕಿನೆದುರು ನಿಂತಳು. ಜನ ಬಯಸಿ ಬಂದ ಕತೆಯೊಂದನ್ನು ಕಟ್ಟಿ ಹೇಳಿಬಿಟ್ಟರೆ ಪಾರಾಗಬಹುದಿತ್ತು. ದೇವರೇ, ನಿನ್ನ ಮನೆಯಲ್ಲಿ ನನ್ನಿಂದ ಸುಳ್ಳು ಹೇಳಿಸಬೇಡ ಎಂದು ಒಳಗೇ ಬೇಡಿಕೊಂಡಳು. ದೇವರು ಕೇಳಿಸಿಕೊಂಡಿರಬೇಕು, ಸುಳ್ಳೂ ಬರಲಿಲ್ಲ, ನಿಜವೂ ಬರಲಿಲ್ಲ. ಒಂದು ನಿಮಿಷವಾಯಿತು, ಎರಡಾಯಿತು. ಫ್ಯಾನು ತಿರುಗುವುದು ಕೇಳಿಸುತ್ತಿತ್ತು.

ಅಮ್ಮ ಎದ್ದು ನಿಂತರು.

"ತಪ್ಪು ನಂದು. ಮಗಳು ಮನಸ್ಸು ಬಿಚ್ಚಿ ಹೇಳ್ಕೊಳ್ಳೋಕೆ ಮನೇಲಿ ಯಾರಿದ್ರು? ಇದ್ದೊಬ್ಬ ಅಕ್ಕನ್ನ ನಾನೇ ದೂರ ಮಾಡ್ದೆ. ಕ್ಷಮಿಸಿದೀನಿ ಅಂತ ಪ್ರತಿ ವಾರ ಇಲ್ಲಿ ಹಾಡ್ತೀನಿ, ಬರೀ ಬಾಯಲ್ಲಿ."

ದೊಡ್ಡಮ್ಮ ಹತ್ತಾರು ಮೊಣಕಾಲುಗಳನ್ನು ತಳ್ಳಿಕೊಂಡು ಬಂದು ತಂಗಿಯನ್ನು ತಬ್ಬಿಕೊಂಡರು. "ನಾನೇನು ಕಡಿಮೇನಾ? ಸುಮ್ನಿರೇ. ನಾಳೆನೇ ಸ್ಟ್ಯಾಂಡ್ ಕಳಿಸ್ತೀನಿ."

"ಬೇಡಕ್ಕ, ಮಷಿನ್ ನಾನೇ ತರ್ತೀನಿ."

"ಕಳಿಸ್ತೀನಿ ಅಂದೆನಲ್ಲ."

"ತರ್ತೀನಿ ಅಂದೆನಲ್ಲ."

ಇನ್ನೊಂದು ಒಂಬತ್ತು ವರ್ಷ ಶುರುವಾಗುವ ಮೊದಲು ಪಾಸ್ಟರು ಇಬ್ಬರ ತಲೆಯ ಮೇಲೂ ಕೈ ಇಟ್ಟು ಪ್ರಾರ್ಥಿಸಿಬಿಟ್ಟರು. ಜನ ಅಳುತ್ತಲೇ ಚಪ್ಪಾಳೆ ತಟ್ಟಿದರು. ಪಕ್ಕದ ಮನೆಯಾಕೆಯಂತೂ ದವಡೆ ಹಿಡಿದುಕೊಂಡು ಅತ್ತರು.

"ಬಾಯಿ ತೆರೀದೆ ಇಂಥ ಸಾಕ್ಷಿ ಕೊಟ್ಟವರನ್ನ ನಾನು ಕಂಡಿಲ್ಲ," ಎಂದರು ಪಾಸ್ಟರು. "ಮುಂದಿನ ತಿಂಗಳು ಐದು ಚರ್ಚುಗಳ ಕೂಟ ಇದೆ. ಅಲ್ಲೂ ಪುಟ್ಟಿನೇ ನಿಲ್ತಾಳೆ."

"ನಾವೇ ಕರ್ಕೊಂಡು ಬರ್ತೀವಿ," ಎಂದರು ಅಮ್ಮ.

"ಅವನ ಹೆಸರೂ ಹೇಳಿಸ್ತೀವಿ," ಎಂದರು ದೊಡ್ಡಮ್ಮ.

ಪುಟ್ಟಿ ಮೆಲ್ಲಗೆ ಕೆಳಗಿಳಿಯಹೊರಟಳು. ಆದರೆ ಎದುರಿಗೆ ಅಕ್ಕ-ತಂಗಿ ಒಂದೇ ಕರವಸ್ತ್ರದ ಎರಡು ತುದಿಗಳಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಅವಳು ಮೈಕಿಗೆ ಬಾಗಿದಳು.

"ಅವನೂ ಇಲ್ಲ, ಇವನೂ ಇಲ್ಲ ದೊಡ್ಡಮ್ಮ. ಮುರಿದಿದ್ದು ನಾನಲ್ಲ, ನೀವಿಬ್ಬರು. ದೇವರು ಕೂಡಿಸಿದ್ದೂ ನಿಮ್ಮನ್ನೇ."