ಕಾಕು ನಂಬದ ಕಮಲ

ನಮ್ಮ ಕಾಕಾ ಬೆಳಗಾವಿಗೆ ಬರುತ್ತಿದ್ದುದು ಮಲಗುವುದಕ್ಕೆ! ನಗಬೇಡಿ. ಖಾನಾಪುರದಲ್ಲಿ ಅವರಿಗೆ ಸ್ವಂತ ಮನೆಯಿತ್ತು, ಮನೆಯಲ್ಲಿ ಮೆತ್ತನೆಯ ಗಾದಿಯಿತ್ತು. ಆದರೂ ರವಿವಾರ ಬಂತೆಂದರೆ ರುಮಾಲು ಸುತ್ತಿ ರೈಲು ಹತ್ತಿ ಬಂದು, ಕೋಟೆಯೊಳಗಿನ ಕಮಲ ಬಸದಿಯ ನಡುಮಂಟಪದಲ್ಲಿ, ಬರಿಯ ಕಲ್ಲಿನ ಮೇಲೆ ಅಂಗಾತ ಮಲಗಿಬಿಡುತ್ತಿದ್ದರು. ನಾವು ಜೈನರೂ ಅಲ್ಲ. ನಮ್ಮ ಮನೆತನದಲ್ಲಿ ಬಸದಿಗೆ ಹೋದವರೇ ಕಡಿಮೆ. ಹೋಗಿ ಮಲಗಿದವರು ಇವರೊಬ್ಬರೇ!

ಕಾರಣ ಮೇಲಿತ್ತು. ರಟ್ಟರ ಕಾಲದ ಬಸದಿ, ಏಳುನೂರು ವರ್ಷಗಳಷ್ಟು ಹಳೆಯದು. ಕಂಬಗಳು ಎಷ್ಟು ನುಣುಪೆಂದರೆ ನಿಮ್ಮ ಮುಖ ನಿಮಗೇ ಕಾಣುತ್ತದೆ. ಚಾವಣಿ ಸುತ್ತು ಸುತ್ತಾಗಿ ಕಿರಿದಾಗುತ್ತ ಮೇಲೇರುತ್ತದೆ. ಅದರ ನಡುವಿನಿಂದ ದೊಡ್ಡದೊಂದು ಕಲ್ಲಿನ ಕಮಲ ಕೆಳಮುಖವಾಗಿ ಇಳಿಬಿದ್ದಿದೆ. ನಿಂತು ನೋಡಿದರೆ ಕತ್ತು ನೋಯುತ್ತದೆ. ಮಲಗಿ ನೋಡಿದರೆ? ಏನು ಹೇಳಲಿ! ಹೊರಗಿನ ಬಿಸಿಲು, ಟಾಂಗಾಗಳ ಸದ್ದು ಎಲ್ಲ ದೂರವಾಗುತ್ತದೆ. ಬೆನ್ನಿಗೆ ತಣ್ಣಗೆ ಕಲ್ಲು. ನೋಡುತ್ತ ನೋಡುತ್ತ ಹೂ ಮೆಲ್ಲಗೆ ಕೆಳಗಿಳಿಯುತ್ತಿದೆಯೋ, ನಾವೇ ಮೇಲೇರುತ್ತಿದ್ದೇವೋ ತಿಳಿಯದೆ ಹೋಗುತ್ತದೆ.

ಈ ಕಮಲವನ್ನು ಹೆಂಡತಿಗೆ, ಅಂದರೆ ನಮ್ಮ ಕಾಕುಗೆ, ತೋರಿಸಬೇಕೆಂದು ಕಾಕಾನಿಗೆ ಮದುವೆಯಾದಾಗಿನಿಂದ ಆಸೆ. ಕಾಕು ಕಣಕುಂಬಿಯ ಕಡೆಯವರು. "ಮುಂದಿನ ವಾರ ಹೋಗೂಣು" ಎನ್ನುತ್ತಲೇ ವರ್ಷಗಳು ಕಳೆದವು. ಒಮ್ಮೆ ಲಕ್ವಾ ಹೊಡೆದು ಕಾಕು ಹಾಸಿಗೆ ಹಿಡಿದರು. ಇನ್ನೆಲ್ಲಿಯ ಬೆಳಗಾವಿ! ತೋರಿಸಲಾಗದ್ದನ್ನು ಬಾಯಿಂದಲಾದರೂ ಹೇಳೋಣವೆಂದು ಕಾಕಾ ಹಾಸಿಗೆಯ ಬಾಜೂಕ್ಕೆ ಕುಳಿತರೆ, ಕಾಕು ನಂಬಲೇ ಇಲ್ಲ.

"ಕಲ್ಲಿನ ಹೂವು ತೆಳಗ ಮುಖ ಮಾಡಿ ಜೋತುಬಿದ್ದೈತಂತ! ಬೀಳಂಗಿಲ್ಲೇನು? ಯಾರಿಗೆ ಹೇಳ್ತೀರಿ?"

"ಏಳುನೂರು ವರ್ಷ ಬಿದ್ದಿಲ್ಲಲೇ!"

"ನೀವು ನೋಡಾಕ ಹೋಗಿದ್ರೇನು, ಏಳುನೂರು ವರ್ಷದ ಹಿಂದ?"

ಅಂದಿನಿಂದ ಕಾಕಾನಿಗೆ ಸಾಕ್ಷಿ ಕಲೆಹಾಕುವ ಹುಚ್ಚು ಹಿಡಿಯಿತು. ಸಿಕ್ಕಸಿಕ್ಕವರನ್ನು ಬಸದಿಗೆ ಎಳೆದೊಯ್ದು ಮಲಗಿಸುವುದು, ಸಂಜೆಯ ರೈಲಿಗೆ ಖಾನಾಪುರಕ್ಕೆ ಕರೆತಂದು ಕಾಕುವಿನ ಮುಂದೆ ನಿಲ್ಲಿಸುವುದು! ಊರವರು ಆಡಿಕೊಂಡರು: "ಹೇಣ್ತಿ ಮನ್ಯಾಗ ಮಲಗ್ಯಾಳ, ಗಂಡ ಬಸದ್ಯಾಗ ಮಲಗ್ಯಾನ!"

ಅನಗೋಳದ ಬೀಗರನ್ನು ಕರೆದೊಯ್ದದ್ದಂತೂ ದೊಡ್ಡ ಫಜೀತಿ. ಹಬ್ಬದ ಊಟ ಹೊಡೆದು ಬಂದ ಬೀಗರು ತಣ್ಣಗಿನ ಕಲ್ಲಿಗೆ ಬೆನ್ನು ತಾಗಿದ್ದೇ ತಡ, ಗೊರಕೆ! ಎದ್ದವರು ಕಂಡ ಕನಸನ್ನೇ ಸಾಕ್ಷಿ ನುಡಿದರು.

"ಏನ್ ಹೇಳ್ಲಿ ಬೀಗತೇರ, ಎಸಳು ಒಂದೊಂದ ಅರಳಿದೂವು. ಜೇನು ಬಂದೂವು. ಮಾರಿ ಮ್ಯಾಲೆ ನೀರು ತಟಕ್ ಅಂತ ಬಿತ್ತು!"

"ಜೇನೂ ಬಂದೂವಂತ್ರಿ, ಕೇಳಿದ್ರಿಲ್ಲ?" ಎಂದು ಕಾಕು ಗಂಡನತ್ತ ತಿರುಗಿದರು. ಅಲ್ಲಿಗೆ ಆ ಸಾಕ್ಷಿ ವಜಾ.

ಇನ್ನೊಂದು ರವಿವಾರ ಕಾಕಾ ಅಲುಗಾಡದೆ ಮಲಗಿದ್ದನ್ನು ಕಂಡು, ಕೋಟೆಯಲ್ಲಿದ್ದ ಇಂಗ್ಲಿಷರ ದಂಡಿನ ಗೋರಾ ಸಿಪಾಯಿಯೊಬ್ಬ, ಈ ಮುದುಕ ಸತ್ತೇಹೋದನೆಂದು ಗಾಬರಿಯಾಗಿ ನೀರು ತಂದ. ಕಾಕಾ ಕಣ್ಣು ತೆಗೆದು, ಬೆರಳನ್ನು ಮೇಲೆ ತೋರಿಸಿ, ಪಕ್ಕದ ಕಲ್ಲು ತಟ್ಟಿದರು. ಪಾಪ, ಅವನೂ ಬೂಟು ಬಿಚ್ಚಿ, ಟೊಪ್ಪಿಗೆ ತೆಗೆದು ಮಲಗಿದ! ಸಂಜೆಯ ರೈಲಿನ ಹೊತ್ತಿನವರೆಗೂ ಇಬ್ಬರೂ ಕಮಲವನ್ನೇ ನೋಡಿದರಂತೆ. ಅವನನ್ನೂ ಖಾನಾಪುರಕ್ಕೆ ಕರೆತರುವೆನೆಂದು ಕಾಕಾ ಹಟ ಹಿಡಿದದ್ದನ್ನು ಬಿಡಿಸುವಷ್ಟರಲ್ಲಿ ನನಗೆ ಸಾಕುಸಾಕಾಯಿತು.

ಕಡೆಗೆ ಸರದಿ ನನ್ನದು. ಬೆಳಗಾವಿಯ ಕೋರ್ಟಿನಲ್ಲಿ ನಾನು ಕಾರಕೂನ. "ಇಂವ ದಿನಾ ಸಾಕ್ಷಿ ಕೇಳಾಂವ. ಇಂವನ ಮಾತರೆ ನಂಬ್ತೀಯಿಲ್ಲೋ?" ಎಂದು ಕಾಕಾ ನನ್ನನ್ನು ಹಾಸಿಗೆಯ ಮುಂದೆ ಕೂರಿಸಿದರು. ಕಂಬ, ಚಾವಣಿ, ಎಸಳು, ಎಲ್ಲ ಹೇಳಿದೆ. ಕಾಕು ಕಣ್ಣು ಮುಚ್ಚಿ ಕೇಳಿದರು. ಬಳಿಕ, "ಹುಡುಗ ದಣದಾನ, ಚಾ ಮಾಡ್ರಿ" ಎಂದು ಕಾಕಾನನ್ನು ಒಳಗೆ ಕಳಿಸಿದರು. ಅವರು ಹೋದದ್ದೇ, ನನ್ನನ್ನು ಹತ್ತಿರ ಕರೆದರು.

"ಮೊದಲನೇ ದಿನಾನ ನಂಬೀನಿ ನಾ. ನಿಮ್ಮ ಕಾಕಾ ನನ್ನ ಮುಂದ ಯಾವತ್ತರೆ ಸುಳ್ಳು ಹೇಳ್ಯಾರೇನು?"

"ಮತ್ಯಾಕ ಕಾಕು, ಅವರಿಗೆ ಇಷ್ಟು ಗೋಳು?"

"ನಂಬೀನಿ ಅಂದ್ರ ಮನಿ ಬಿಟ್ಟು ಹೊರಗ ಬೀಳಂಗಿಲ್ಲೋ ಅವರು. ದಿನಾ ನನ್ನ ಕಾಲು ಹಿಡಕೊಂಡು ಅಳಕೋಂತ ಕುಂದರ್ತಾರ. ರವಿವಾರ ಹೋಗಿಬಂದಾಗ ಅವರ ಮಾರಿ ನೋಡು, ಹೆಂಗ ಇರತದ. ನನಗ ಅಷ್ಟ ಸಾಕು. ಹೇಳಬ್ಯಾಡ ಮತ್ತ!"

ಎದ್ದು ಅಡಿಗೆಮನೆಗೆ ಹೋದೆ. ಒಲೆಯ ಮುಂದೆ ಕಾಕಾ ಬೆನ್ನು ಹಾಕಿ ಕುಳಿತಿದ್ದರು. ಚಹಾ ಉಕ್ಕಿ ಬೂದಿಗೆ ಬೀಳುತ್ತಿದ್ದರೂ ಅವರಿಗೆ ಲಕ್ಷ್ಯವಿರಲಿಲ್ಲ.

"ಏನಂದ್ಲೋ? ನಂಬಿದ್ಲೇನು?" ತಿರುಗದೆಯೇ ಕೇಳಿದರು.

"ಇಲ್ಲರಿ ಕಾಕಾ. ಒಟ್ಟ ನಂಬವಲ್ರು" ಎಂದೆ.

ಕಾಕಾ ಧೋತರದ ಚುಂಗಿನಿಂದ ಕಣ್ಣೊರೆಸಿಕೊಂಡು ನಕ್ಕರು.

"ಛಲೋ ಆತು ಬಿಡು. ಅದನ್ನ ನಂಬೂತನಕ ಆಕಿ ನನ್ನ ಬಿಟ್ಟು ಎಲ್ಲೂ ಹೋಗಂಗಿಲ್ಲ."